ತೆಗೆಯದೇ ಬಂದ ಫೋಟೋ
ಮೆಲ್ಬರ್ನ್‌ನ ಮಗಳ ಮನೆಗೆ ಹೊರಟಾಗ ನಮ್ಮವರು ಹೇಳಿದ್ದು ಒಂದೇ ಮಾತು: "ಈ ಮಂಡಿನೋವಿನಲ್ಲಿ ನಾನಂತೂ ಬರಲಾರೆ. ಕಂಡದ್ದನ್ನೆಲ್ಲ ಫೋಟೋ ತೆಗೆದುಕೊಂಡು ಬಾ ಮಾರಾಯ್ತಿ." ಸೌಟು ಹಿಡಿದ ಕೈಗೆ ಅಳಿಯಂದಿರು ಕ್ಯಾಮೆರಾ ಕೊಟ್ಟರು.

ಅಲ್ಲಿನ ಹವೆಯನ್ನು ನಂಬೋ ಹಾಗಿಲ್ಲ ನೋಡಿ. ಬೆಳಿಗ್ಗೆ ಬಿಸಿಲೆಂದು ಬಟ್ಟೆ ಒಣಹಾಕಿದರೆ ಮಧ್ಯಾಹ್ನ ಮಳೆ, ಸಂಜೆಗೆ ಸ್ವೆಟರ್! ಆದರೆ ಮಳೆ ನಿಂತ ಗಳಿಗೆಯಲ್ಲಿ ನೀಲಗಿರಿ ಮರದ ಒದ್ದೆ ತೊಗಟೆಗೆ ಎಂಥ ಬಣ್ಣ! ನಮ್ಮೂರ ನೀಲಗಿರಿಗೆ ಅದೇ ತವರಲ್ಲವೇ? ಎರಡು ವಾರ ಅದನ್ನೇ ತೆಗೆದೆ.

ಒಂದು ಸಂಜೆ ಫಿಲಿಪ್ ದ್ವೀಪಕ್ಕೆ ಹೋದೆವು. ಕತ್ತಲಾಗುತ್ತಿದ್ದಂತೆ ಸಮುದ್ರದಿಂದ ಪುಟ್ಟ ಪೆಂಗ್ವಿನ್‌ಗಳು ಗುಂಪುಗುಂಪಾಗಿ ದಡಕ್ಕೆ ಬಂದವು. ಎತ್ತರ ಒಂದಡಿಗಿಂತ ಚೂರು ಹೆಚ್ಚು, ತೂಕ 1 ಕೆ.ಜಿ. ಆಸುಪಾಸು. ಅಲ್ಲಿ ಮಾತ್ರ ಫೋಟೋ ತೆಗೆಯಕೂಡದು. ಫ್ಲಾಷ್ ಬೆಳಕಿಗೆ ಅವು ಬೆದರುತ್ತವೆ. ನನಗೆ ಅಳುವೇ ಬಂತು. ಇವರಿಗೆ ಏನು ತೋರಿಸಲಿ? ಕ್ಯಾಮೆರಾ ಚೀಲಕ್ಕೆ ಹಾಕಿ ಕಣ್ಣರಳಿಸಿ ನೋಡುತ್ತಾ ಕುಳಿತೆ. ಹಿಂದುಳಿದ ಒಂದು, ಅಲೆಗೆ ಮುಗ್ಗರಿಸಿ ಬಿದ್ದು, ಎದ್ದು, ಮೈ ಕೊಡವಿ ಓಡಿತು.

ಊರಿಗೆ ಬಂದು ಎಲ್ಲ ಫೋಟೋ ತೋರಿಸಿದೆ. "ಚೆನ್ನಾಗಿವೆ" ಅಂದರು, ಅಷ್ಟೇ. ಪೆಂಗ್ವಿನ್ ವಿಷಯ ಹೇಳಿದಾಗ ಮಾತ್ರ ಕಾಫಿ ಆರಿಹೋದದ್ದೂ ಗೊತ್ತಾಗಲಿಲ್ಲ. "ಅದು ಹೇಗೆ ನಡೀತು? ಇನ್ನೊಂದ್ಸಲ ತೋರಿಸೇ" ಅಂತ ಹಜಾರದಿಂದ ಅಡುಗೆಮನೆವರೆಗೆ ಮೂರು ಸಲ ನನ್ನನ್ನು ಓಲಾಡಿಸಿದರು.