ಎರಡು ಐಚ್ಛಿಕಗಳ ನಡುವೆ

ಎರಡು ದೋಣಿಗಳ ಮೇಲೆ ಕಾಲಿಡಬಾರದೆಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರು ಬಹುಶಃ ಬಿ.ಎ. ತರಗತಿಗೆ ಸೇರಿದವರಲ್ಲ. 2023ರಲ್ಲಿ ಕಾಲೇಜು ಸೇರಿದ ನಮಗೆ ಎರಡು ವರ್ಷಗಳ ಕಾಲ ಎರಡು ದೋಣಿಗಳ ಮೇಲೆ ನಿಲ್ಲುವುದೇ ನಿಯಮವಾಗಿತ್ತು. ನನ್ನ ದೋಣಿಗಳಲ್ಲಿ ಒಂದು ಇತಿಹಾಸ, ಇನ್ನೊಂದು ಅರ್ಥಶಾಸ್ತ್ರ. ಎರಡಕ್ಕೂ ಸಮನಾದ ಮರ್ಯಾದೆ. ಮೂರನೆಯ ವರ್ಷದ ಹೊಸ್ತಿಲಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಎಂದು ಬರೆದುಕೊಡಬೇಕಾಗಿ ಬಂದಾಗಲೇ ನನ್ನ ನಿದ್ರೆ ಕೆಟ್ಟಿತು.

ಇತಿಹಾಸದ ಮೇಲಿನ ಪ್ರೀತಿ ನನಗೆ ಊರಿನಿಂದಲೇ ಬಂದದ್ದು. ನಮ್ಮದು ಕೋಲಾರದ ಕಡೆಯ ಹಳ್ಳಿ. ಕೆರೆಯ ಏರಿಯ ಪಕ್ಕದಲ್ಲಿ ಒಂದು ವೀರಗಲ್ಲಿದೆ. ಅರಿಸಿನ ಕುಂಕುಮ ಮೆತ್ತಿಸಿಕೊಂಡು ಅದು ದೇವರೇ ಆಗಿಬಿಟ್ಟಿದೆ. ಅದು ಯಾರೋ ಹೋರಾಡಿ ಮಡಿದವನ ನೆನಪಿನ ಕಲ್ಲೆಂದು ನನಗೆ ತಿಳಿದದ್ದು ಈ ಕಾಲೇಜಿನಲ್ಲಿ. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ, 1905ರಲ್ಲಿ ಅಚ್ಚಾದುದು, ನಮ್ಮ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ ಎಂದು ಕೇಳಿದ ದಿನ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ನಾವು ಎಮ್ಮೆ ಮೇಯಿಸುತ್ತಿದ್ದ ಬಯಲುಗಳಿಗೂ ಗ್ರಂಥದಲ್ಲಿ ಸ್ಥಳ ಸಿಕ್ಕಿತ್ತಲ್ಲ!

ಅರ್ಥಶಾಸ್ತ್ರವಾದರೋ ನನ್ನನ್ನು ಬೇರೊಂದು ರೀತಿಯಲ್ಲಿ ಹಿಡಿಯಿತು. ಅಪ್ಪ ಟೊಮ್ಯಾಟೊ ಬೆಳೆಯುತ್ತಾರೆ. “ಬೆಳೆ ಬಂದ್ರೆ ರೇಟಿರಲ್ಲ, ರೇಟಿದ್ರೆ ಬೆಳೆ ಇರಲ್ಲ” ಎಂಬುದು ನಮ್ಮ ಮನೆಯಲ್ಲಿ ಗಾದೆಯಂತೆ ನಡೆಯುವ ಮಾತು. ಮೊದಲ ವರ್ಷದಲ್ಲಿ ಅಧ್ಯಾಪಕರು ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಬೋಧಿಸಿದರು. ಬೆಲೆ ಅರ್ಧಕ್ಕೆ ಇಳಿಯಿತೆಂದು ಯಾರೂ ಎರಡರಷ್ಟು ಟೊಮ್ಯಾಟೊ ತಿನ್ನುವುದಿಲ್ಲ; ಕೊಯ್ದ ಹಣ್ಣು ಕಾಯುವುದೂ ಇಲ್ಲ; ಆದ್ದರಿಂದ ಎಲ್ಲರ ಹೊಲವೂ ಒಟ್ಟಿಗೆ ಚೆನ್ನಾಗಿ ಬೆಳೆದ ವರ್ಷವೇ ರೈತನ ಕೈಗೆ ಬರುವ ಹಣ ಕಡಿಮೆಯಾಗಬಹುದು. ಅಪ್ಪ ಇಷ್ಟು ದಿನ ಹಣೆಬರಹವೆಂದುಕೊಂಡಿದ್ದುದು ಕಪ್ಪುಹಲಗೆಯ ಮೇಲೆ ಒಂದು ಇಳಿಜಾರು ಗೆರೆಯಾಗಿ ನಿಂತಿತು. ಆ ದಿನ ನಾನು ಟಿಪ್ಪಣಿ ಬರೆದುಕೊಳ್ಳುವುದನ್ನೂ ಮರೆತೆ.

ಹೀಗಿರುವಾಗ ಯಾವುದನ್ನು ಬಿಡುವುದು? ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. “ಇತಿಹಾಸ ತಗೊಳ್ಳಯ್ಯಾ, ಕೆ.ಎ.ಎಸ್.ಗೆ ಅನುಕೂಲ” ಎಂದರು ಕೆಲವರು. “ಅರ್ಥಶಾಸ್ತ್ರ ತಗೊ, ಬ್ಯಾಂಕಿಗೆ ಹೋಗಬಹುದು” ಎಂದರು ಇನ್ನು ಕೆಲವರು. ವಿಚಾರಿಸಿ ನೋಡಿದರೆ, ಕೆ.ಎ.ಎಸ್. ಪರೀಕ್ಷೆ ಎರಡನ್ನೂ ಕೇಳುತ್ತದೆ. ಬ್ಯಾಂಕಿನ ಸಾಮಾನ್ಯ ಹುದ್ದೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ಹೊಟ್ಟೆಯ ಪ್ರಶ್ನೆಯೂ ನನ್ನ ಪಾಲಿಗೆ ತೀರ್ಪು ಕೊಡಲಿಲ್ಲ. ಮನೆಯಲ್ಲಿ ಕೇಳೋಣವೆಂದರೆ, ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. “ನಂಗೇನು ಗೊತ್ತಪ್ಪಾ? ನಿಂಗೆ ಯಾವ್ದು ಬತ್ತದೋ ಅದನ್ನ ಓದು” ಎಂದುಬಿಟ್ಟರು ಅಪ್ಪ.

ದಾರಿ ತೋರಿಸಿದವಳು ಅಕ್ಕ. ಆಕೆ ವಾಣಿಜ್ಯ ವಿಷಯದಲ್ಲಿ ಪಿ.ಯು.ಸಿ. ಮುಗಿಸಿ, ಮನೆಯ ಸ್ಥಿತಿ ನೋಡಿ ಓದು ನಿಲ್ಲಿಸಿ, ಕಾರ್ಖಾನೆಗೆ ಹೋಗುತ್ತಾಳೆ. ನನ್ನ ಫೀಸು, ಪುಸ್ತಕ, ಬಸ್ ಪಾಸು ಎಲ್ಲವೂ ಆಕೆಯ ಸಂಬಳದಿಂದ. ನನ್ನ ಗೋಳನ್ನೆಲ್ಲ ಕೇಳಿ ಆಕೆ ಹೇಳಿದಳು: “ಕತೆ ಪುಸ್ತಕ ನಾನು ಈಗಲೂ ಬಸ್ಸಲ್ಲಿ ಓದ್ತೀನಿ ಕಣೋ. ಅಕೌಂಟೆನ್ಸಿ ಮಾತ್ರ ಅಲ್ಲಿಗೇ ನಿಂತೋಯ್ತು. ಅದಕ್ಕೆ ಹೇಳ್ಕೊಡೋರು ಬೇಕು. ನಿಂಗೆ ಯಾವ್ದಕ್ಕೆ ಬೇಕೋ ನೋಡ್ಕೊ.”

ಎರಡು ವಾರ ಯಾರೂ ಕೇಳದ ಪ್ರಶ್ನೆ ಅದು. ಯಾವುದು ಹೆಚ್ಚು ಇಷ್ಟ ಎಂದೂ ಅಲ್ಲ, ಯಾವುದು ಹೆಚ್ಚು ಸಂಪಾದನೆ ಎಂದೂ ಅಲ್ಲ. ಯಾವುದನ್ನು ಗುರುಗಳಿಲ್ಲದೆ ಕಲಿಯಲಾರೆ ಎಂದು. ಇತಿಹಾಸದ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕುತ್ತದೆ. ಅಜ್ಜಿಯ ಬಾಯಲ್ಲೂ ಅಷ್ಟಿಷ್ಟು ಸಿಕ್ಕುತ್ತದೆ. ಅರ್ಥಶಾಸ್ತ್ರಕ್ಕೆ ನಮ್ಮ ಮನೆಯಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಬಿಡಿಸಿ ಹೇಳುವವರು ಮಾತ್ರ ಇಲ್ಲ. ಸೂಚ್ಯಂಕವಾಗಲಿ ರೇಖಾಚಿತ್ರವಾಗಲಿ, ನಾನು ಒಬ್ಬನೇ ಕುಳಿತು ಬಿಡಿಸಿಕೊಳ್ಳಲಾರೆ. ಮೇಜರ್ ಎಂಬಲ್ಲಿ ಅರ್ಥಶಾಸ್ತ್ರವೆಂದು ಬರೆದೆ.

ಇತಿಹಾಸದ ಗುರುಗಳಿಗೆ ತಿಳಿಸಲು ಹೋದಾಗ ಅವರು ನಕ್ಕು, “ಶಾಸನದ ಲಿಪಿ ಓದುವುದಕ್ಕೂ ಗುರು ಬೇಕಲ್ಲಯ್ಯಾ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಊರ ಕಲ್ಲನ್ನು ನಾನೇ ಓದಬೇಕೆಂಬ ಆಸೆ ಸದ್ಯಕ್ಕೆ ಹಿಂದೆ ಉಳಿಯಿತು. ಆಯ್ಕೆಯೆಂದರೆ ಏನನ್ನೂ ಕಳೆದುಕೊಳ್ಳದಿರುವುದೆಂದು ನಾನು ಬರೆದರೆ ಅದು ಸುಳ್ಳಾದೀತು.

ಆದರೆ ಬಿಟ್ಟ ವಿಷಯ ಪೂರ್ತಿಯಾಗಿ ಬಿಟ್ಟುಹೋಗುವುದಿಲ್ಲ. ಡಾಕ್ಟರ್ ಅಂಬೇಡ್ಕರ್ ಅವರು ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ 1915ರಲ್ಲಿ ಎಂ.ಎ. ಪದವಿ ಪಡೆದದ್ದು ಅರ್ಥಶಾಸ್ತ್ರವನ್ನು ಪ್ರಧಾನವಾಗಿ ಓದಿ. ಜತೆಯಲ್ಲಿ ಇತಿಹಾಸವೂ ಸಮಾಜಶಾಸ್ತ್ರವೂ ಇದ್ದವು. ಅವರು ಆಗ ಬರೆದ ಪ್ರಬಂಧದ ವಿಷಯ ಪ್ರಾಚೀನ ಭಾರತದ ವಾಣಿಜ್ಯ. ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥ 1923ರಲ್ಲಿ ಹೊರಬಂದಾಗಲೂ, ನಾಣ್ಯದ ಹಿಂದಿನ ಚರಿತ್ರೆಯನ್ನು ಬಿಟ್ಟು ಅವರು ವಾದ ಹೂಡಲಿಲ್ಲ. ಒಂದು ವಿಷಯ ಪ್ರಶ್ನೆಯನ್ನು ಕೊಟ್ಟರೆ ಇನ್ನೊಂದು ಅದನ್ನು ಬಿಡಿಸುವ ಸಾಧನವನ್ನು ಕೊಡಬಹುದು.

ನನ್ನ ಮಟ್ಟದಲ್ಲಿ ನನಗೂ ಅಂಥದೊಂದು ಪ್ರಶ್ನೆ ಸಿಕ್ಕಿದೆ. ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ‘ಬಿತ್ತುವಟ್ಟ’ ಎನ್ನುತ್ತವೆ. ಹೂಳೆತ್ತುವ ಖರ್ಚಿಗೆ ಆ ಭೂಮಿಯ ಆದಾಯವೇ ಆಧಾರ. ಕೆರೆಯ ನೀರು ಎಲ್ಲರದು, ಖರ್ಚು ಯಾರದು? ತರಗತಿಯಲ್ಲಿ ಸಾರ್ವಜನಿಕ ವೆಚ್ಚದ ಪಾಠ ಕೇಳುವಾಗಲೆಲ್ಲ ಹೂಳು ತುಂಬಿದ ನಮ್ಮೂರ ಕೆರೆ ಕಣ್ಣೆದುರಿಗೆ ಬರುತ್ತದೆ.

ಕಿರಿಯ ಮಿತ್ರರೇ, ನಿಮ್ಮ ಕಾಲದ ನಿಯಮಗಳು ಬೇರೆಯಾಗಿರಬಹುದು. ಪೇಚಾಟ ಮಾತ್ರ ಇದೇ. ನಿಮ್ಮೆದುರಿಗೆ ಎರಡು ಪ್ರೀತಿಗಳಿದ್ದರೆ, ಯಾವುದಕ್ಕೆ ಗುರುಗಳ ಅಗತ್ಯ ಹೆಚ್ಚು ಎಂದು ಒಮ್ಮೆ ಕೇಳಿಕೊಳ್ಳಿ. ಓದಿದವರ ಮನೆಯ ಮಕ್ಕಳಿಗೆ ಸಂದೇಹ ಪರಿಹಾರಕ್ಕೆ ಮನೆಯಲ್ಲೇ ಜನರಿರುತ್ತಾರೆ. ನಮ್ಮಂಥವರಿಗೆ ಗುರುಗಳು ಎದುರಿಗೆ ನಿಂತು ಹೇಳಿಕೊಡುವುದು ಈ ಮೂರು ವರ್ಷ ಮಾತ್ರ.