ದನವೋ ಧನವೋ: ಗಣಕದೊಳಗಿನ ಗಣಕದಲ್ಲಿ ಒಂದು ಅಕ್ಷರ

ಕನ್ನಡ ಅಕ್ಷರಮಾಲೆಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಸಣ್ಣ ಗೀರು. ಡ ಢ ಆಗುವುದೂ, ಪ ಫ ಆಗುವುದೂ, ಬ ಭ ಆಗುವುದೂ ಆ ಗೀರಿನಿಂದಲೇ. ಹಳೆಯ ಶಾಲಾ ಮಾಸ್ತರರು ಇದನ್ನು ‘ಹೊಟ್ಟೆ ಸೀಳುವುದು’ ಎಂದು ಹೇಳಿಕೊಡುತ್ತಿದ್ದರು. ಸೀಳದಿದ್ದರೆ ಕೊಟ್ಟಿಗೆಯ ದನ, ಸೀಳಿದರೆ ಪೆಟ್ಟಿಗೆಯ ಧನ. ತನು-ಮನ-ಧನಗಳ ಸಮರ್ಪಣೆಯು ವಚನ ವ್ಯಾಖ್ಯಾನಗಳಲ್ಲಿ ಪದೇ ಪದೇ ಬರುವ ಮಾತಾದ್ದರಿಂದ, ಇಂಥ ಗ್ರಂಥಗಳ ಅಕ್ಷರಜೋಡಣೆ ಮಾಡುವವರಿಗೆ ಈ ಗೀರಿನ ಮೇಲೆ ಸದಾ ಒಂದು ಕಣ್ಣು.

ಹುಬ್ಬಳ್ಳಿಯ ಹಿರಿಯ ಅಕ್ಷರಜೋಡಣೆಗಾರರೊಬ್ಬರಿಗೆ ಈಗ ಎಪ್ಪತ್ತು ದಾಟಿದೆ. ಸೀಸದ ಮೊಳೆ ಜೋಡಿಸುತ್ತ ಬದುಕು ಆರಂಭಿಸಿದ ಅವರು ತೊಂಬತ್ತರ ದಶಕದಲ್ಲಿ ಗಣಕಯಂತ್ರಕ್ಕೆ ಹೊರಳಿದವರು. 2000ದಲ್ಲಿ ಅವರು ಮುನ್ನೂರಕ್ಕೂ ಮಿಕ್ಕ ಪುಟಗಳ ಒಂದು ವಚನ ವ್ಯಾಖ್ಯಾನವನ್ನು ವಿಂಡೋಸ್ 98ರ ಮೇಲೆ ಪೇಜ್‌ಮೇಕರ್ ತಂತ್ರಾಂಶದಲ್ಲಿ ಜೋಡಿಸಿಕೊಟ್ಟಿದ್ದರು. ವ್ಯಾಖ್ಯಾನಕಾರರು ಲಿಂಗೈಕ್ಯರಾಗಿದ್ದಾರೆ. ಅವರ ಹಸ್ತಪ್ರತಿ ಒಂದು ಮಳೆಗಾಲದ ಸೋರಿಕೆಗೆ ಸಿಕ್ಕು ಹಾಳಾಯಿತು. ಎರಡನೆಯ ಮುದ್ರಣದ ಮಾತು ಬಂದಾಗ ಉಳಿದಿದ್ದವು ಅಚ್ಚಾದ ಎರಡು ಪ್ರತಿಗಳು ಮಾತ್ರ. ದುಡಿಮೆಯ ರೈತನೊಬ್ಬನ ದಾಸೋಹವನ್ನು ವಿವರಿಸುವ ಒಂದು ಪುಟದಲ್ಲಿ, ಆತ ಒಪ್ಪಿಸಿದ್ದು ದನವನ್ನೋ ಧನವನ್ನೋ ಎಂಬುದು ಎರಡು ಪ್ರತಿಗಳಲ್ಲೂ ಮಸಿ ಹರಡಿ ತಿಳಿಯದಾಗಿತ್ತು. ‘ಧನ’ ಎಂದೇ ಇರಬೇಕು, ಹಾಗೆಯೇ ತಿದ್ದಿಬಿಡೋಣ ಎಂಬುದು ಪ್ರಕಟಣೆಯ ಹೊಣೆ ಹೊತ್ತವರ ಅಭಿಪ್ರಾಯ. ಹಿರಿಯರು ಒಪ್ಪಲಿಲ್ಲ.

ಮೂಲ ವಚನದಲ್ಲಿ ಸಂದೇಹ ಬಂದಿದ್ದರೆ ಪರಿಹಾರ ಸುಲಭವಿತ್ತು. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರ್ಕಾರವು ಹೊರತಂದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಿವೆ, ತೆರೆದು ನೋಡಿದರಾಯಿತು. ವ್ಯಾಖ್ಯಾನಕ್ಕೆ ಅಂಥ ಆಸರೆ ಇರುವುದಿಲ್ಲ. ಒಬ್ಬರು ಬರೆದದ್ದು ಒಂದೇ ಕಡೆ ಇರುತ್ತದೆ. ಅಲ್ಲಿ ಅಳಿದರೆ ಅಳಿದಂತೆ.

ಸೀಸದ ಮೊಳೆಯ ಕಾಲದಲ್ಲಿ ಜೋಡಿಸುವವನಿಗೆ ಈ ಬಗೆಯ ಅನುಮಾನ ಕಡಿಮೆ. ಧಾರವಾಡದಲ್ಲಿ 1880ರಲ್ಲಿ ಜನಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಅಂದಿನ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದಾಗ, ಅಕ್ಷರವೆಂದರೆ ಕೈಬೆರಳಿಗೆ ಹತ್ತುವ ವಸ್ತುವಾಗಿತ್ತು. ತಲೆಕೆಳಗಾಗಿ, ಕನ್ನಡಿಯ ಬಿಂಬದಂತೆ ಕಂಡರೂ ಅದರ ಗೀರು ಬೆರಳಿಗೆ ತಿಳಿಯುತ್ತಿತ್ತು. ಗಣಕದಲ್ಲಿ ಹಾಗಲ್ಲ. ಅಲ್ಲಿ ಅಕ್ಷರದ ನಿಜರೂಪ ಫಾಂಟಿನೊಳಗೆ ರೇಖೆಗಳ ಲೆಕ್ಕವಾಗಿ ಅಡಗಿರುತ್ತದೆ. ಪರದೆಯ ಮೇಲೆ ಕಾಣುವುದು ಚುಕ್ಕೆಗಳಿಂದ ಮಾಡಿದ ಅದರ ಒಂದು ಕುರುಹು. 12 ಪಾಯಿಂಟಿನ ಅಕ್ಷರವೆಂದರೆ ಅಂಗುಲದ ಆರನೆಯ ಒಂದು ಭಾಗ. ಅಂಗುಲಕ್ಕೆ 96 ಚುಕ್ಕೆಗಳ ಪರದೆಯಲ್ಲಿ ಅದಕ್ಕೆ ದಕ್ಕುವುದು 16 ಚುಕ್ಕೆಗಳ ಎತ್ತರ. ತಲೆಕಟ್ಟು, ಅಕ್ಷರದ ಒಡಲು, ಕೆಳಗಿನ ಒತ್ತಕ್ಷರ ಎಲ್ಲವೂ ಆ 16ರಲ್ಲಿಯೇ ಸಂಸಾರ ಮಾಡಬೇಕು. ಇಂಗ್ಲಿಷಿಗೆ ಸಾಕಾಗುವ ಜಾಗ ‘ರಾಷ್ಟ್ರ’ ಎಂಬ ಪದಕ್ಕೆ ಸಾಲದು. ಹೊಟ್ಟೆಯ ಸೀಳಿಗೆ ಉಳಿಯುವುದು ಒಂದೋ ಎರಡೋ ಚುಕ್ಕೆ.

ಹಳೆಯ ಯಂತ್ರ ಎಂದೋ ಕೆಟ್ಟಿತ್ತು. ಅದರ ಹಾರ್ಡ್ ಡಿಸ್ಕ್ ಮಾತ್ರ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟದ್ದು ಉಳಿದಿತ್ತು. ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಆ ಡಿಸ್ಕಿನ ಪೂರ್ಣ ನಕಲು ತೆಗೆದು, ತನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಅದನ್ನು ಮತ್ತೆ ಎಬ್ಬಿಸಿದಳು. ವರ್ಚುವಲ್ ಮಶೀನ್ ಎಂದರೆ ಗಣಕದೊಳಗೆ ಇನ್ನೊಂದು ಗಣಕ ಇರುವಂತೆ ನಡೆಸುವ ವ್ಯವಸ್ಥೆ. ಈ ವಿದ್ಯೆ ಹೊಸದಲ್ಲ. ಒಂದು ದೊಡ್ಡ ಯಂತ್ರವನ್ನು ಹಲವರು ತಮ್ಮದೇ ಎಂಬಂತೆ ಬಳಸಲು ಐಬಿಎಂ ಸಂಸ್ಥೆ 1960ರ ದಶಕದಲ್ಲಿಯೇ ಇದನ್ನು ರೂಪಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಪ್ರಕಟಿಸಿತ್ತು. ಮನೆಯ ಗಣಕಗಳಿಗೆ ಅದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಒಳಗಿನ ಗಣಕವನ್ನು ಅತಿಥಿಯೆಂದೂ ಹೊರಗಿನದನ್ನು ಮನೆಯೊಡೆಯನೆಂದೂ ಕರೆಯುವ ರೂಢಿಯಿದೆ. ಅತಿಥಿಗೆ ತಾನು ಅತಿಥಿಯೆಂಬ ಅರಿವು ಇರುವುದಿಲ್ಲ. ತನ್ನದೇ ಮನೆಯೆಂದು ತಿಳಿದಿರುತ್ತದೆ.

ಇಪ್ಪತ್ತೈದು ವರ್ಷಗಳ ಹಿಂದಿನ ಪರದೆ ಹೊಳೆಯಿತು. ಆದರೆ ಅಂಗೈಯಗಲದ ಒಂದು ಚೌಕದಲ್ಲಿ, ಮಂಕಾದ ಹದಿನಾರು ಬಣ್ಣಗಳಲ್ಲಿ. ಅಡ್ಡಕ್ಕೆ 640 ಚುಕ್ಕೆ, ಉದ್ದಕ್ಕೆ 480. ಮೊಮ್ಮಗಳು ಅದನ್ನು ಹಿಗ್ಗಿಸಿ ಲ್ಯಾಪ್‌ಟಾಪಿನ ಪರದೆ ತುಂಬುವಂತೆ ಮಾಡಿದಳು.

“ಅಜ್ಜಾ, ಈಗ ದೊಡ್ಡದಾತು ನೋಡ್ರಿ.”

“ದೊಡ್ಡದಾಗೈತಿ ಖರೆ. ಹೊಟ್ಟಿ ಸೀಳೇತೋ ಇಲ್ಲೋ ಕಾಣವಲ್ದವ್ವಾ.”

ಹಿರಿಯರ ಮಾತು ತಂತ್ರಜ್ಞಾನದ ದೃಷ್ಟಿಯಿಂದಲೂ ಸರಿ. ಹೊರಗಿನಿಂದ ಹಿಗ್ಗಿಸಿದಾಗ ಪ್ರತಿಯೊಂದು ಚುಕ್ಕೆ ಹಿಗ್ಗುತ್ತದೆಯೇ ಹೊರತು ಹೊಸ ಚುಕ್ಕೆ ಹುಟ್ಟುವುದಿಲ್ಲ. ಒಳಗೆ ಇಲ್ಲದ ಗೀರು ಹೊರಗೆ ಎಲ್ಲಿಂದ ಬರಬೇಕು?

ಹಾಗಾದರೆ ಅತಿಥಿಗೆ ಇನ್ನಷ್ಟು ಸೌಕರ್ಯ ಕೊಟ್ಟರೆ? ಪರದೆಯ ಚಿತ್ರಕ್ಕೆಂದು ಮೀಸಲಿಡುವ ಸ್ಮೃತಿಯನ್ನು 128 ಎಂಬಿಗೆ ಏರಿಸಲಾಯಿತು. ಏನೂ ಬದಲಾಗಲಿಲ್ಲ. ಇಲ್ಲಿ ಸ್ವಲ್ಪ ಲೆಕ್ಕ ನೋಡುವುದು ಒಳ್ಳೆಯದು. ಇಂದಿನ 1920×1080ರ ಪರದೆಗೆ, ಚುಕ್ಕೆಗೆ 4 ಬೈಟಿನಂತೆ, ಬೇಕಾಗುವುದು 82,94,400 ಬೈಟು, ಅಂದರೆ ಸುಮಾರು 8 ಎಂಬಿ. ಕೊಟ್ಟದ್ದು ಅದರ ಹದಿನಾರು ಪಟ್ಟು. ಆದರೆ ವಿಂಡೋಸ್ 98 ಎಚ್ಚೆತ್ತಾಗ ತನ್ನ ಹಳೆಯ ಚಿತ್ರಕಾರ್ಡು ಕಾಣದೆ, ಎದುರಿಗಿದ್ದ ಕೃತಕ ಕಾರ್ಡಿನ ಗುರುತೂ ಹತ್ತದೆ, ಎಲ್ಲ ಯಂತ್ರಗಳಿಗೂ ಒಗ್ಗುವ ಅತಿ ಸಾಮಾನ್ಯ ಕ್ರಮಕ್ಕೆ ಇಳಿದಿತ್ತು. ಅದು ಐಬಿಎಂ 1987ರಲ್ಲಿ ತಂದ ವಿಜಿಎ ಕ್ರಮ. ಆ ಕಾರ್ಡಿನ ಸ್ಮೃತಿ ಒಟ್ಟು 256 ಕೆಬಿ. 640×480 ಚುಕ್ಕೆಗಳನ್ನು 16 ಬಣ್ಣಗಳಲ್ಲಿ ಬಿಡಿಸಲು 150 ಕೆಬಿ ಸಾಕು; 256 ಬಣ್ಣ ಬೇಕೆಂದರೆ 300 ಕೆಬಿ ಬೇಕು, ಅದು ಹಿಡಿಸದು. ಕಣಜ ಎಷ್ಟು ದೊಡ್ಡದಾದರೇನು, ಅಳೆಯುವ ಸೇರು 1987ರದ್ದು. ಲ್ಯಾಪ್‌ಟಾಪಿನ ನಿಜವಾದ ಚಿತ್ರಕಾರ್ಡು ಎಷ್ಟೇ ಬಲವಾಗಿದ್ದರೂ ಅತಿಥಿಯ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮುಖ್ಯ ಸ್ಮೃತಿಯನ್ನು 2 ಜಿಬಿಗೆ ಏರಿಸಿದಾಗಂತೂ ಅತಿಥಿ ಮಲಗಿಯೇಬಿಟ್ಟಿತು. ವಿಂಡೋಸ್ 98ಕ್ಕೆ 512 ಎಂಬಿ ಮೀರಿದರೆ ತೊಂದರೆ ಶುರುವಾಗುತ್ತದೆ. ತನ್ನ ಕಡತಗಳ ತಾತ್ಕಾಲಿಕ ಸಂಗ್ರಹಕ್ಕೆಂದು ಅದು ಇರುವ ಸ್ಮೃತಿಗೆ ತಕ್ಕಂತೆ ವಿಳಾಸಗಳನ್ನು ಕಾದಿರಿಸಿಕೊಳ್ಳುತ್ತದೆ. ಸ್ಮೃತಿ ಹೆಚ್ಚಿದಂತೆ ಆ ಕಾದಿರಿಸುವಿಕೆಯೂ ಬೆಳೆದು ಉಳಿದ ಕೆಲಸಕ್ಕೆ ವಿಳಾಸವೇ ಇಲ್ಲದಂತಾಗುತ್ತದೆ. ಮಿತಾಹಾರಿಗೆ ಉಪಚಾರದ ನೆಪದಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದಂತೆ. 256 ಎಂಬಿಗೆ ಇಳಿಸಿದ ಮೇಲೆ ಎದ್ದು ಕುಳಿತಿತು.

ಇನ್ನೊಂದು ಮಿತಿ ಚಿತ್ರದ್ದಲ್ಲ, ಬೀಗದ್ದು. ಆ ಕಾಲದ ಕೆಲವು ಕನ್ನಡ ಡಿಟಿಪಿ ತಂತ್ರಾಂಶಗಳು ಪ್ರಿಂಟರ್ ಜೋಡಿಸುವ ಕಿಂಡಿಗೆ ಸಿಕ್ಕಿಸುವ ಒಂದು ಯಂತ್ರಬೀಗವಿಲ್ಲದೆ ಟೈಪಿಸಲು ಬಿಡುತ್ತಿರಲಿಲ್ಲ. ಇಂದಿನ ಲ್ಯಾಪ್‌ಟಾಪಿಗೆ ಆ ಕಿಂಡಿಯೇ ಇಲ್ಲ. ಫಾಂಟು ಡಿಸ್ಕಿನಲ್ಲಿದ್ದ ಕಾರಣ ಬರೆದದ್ದು ಕಾಣುತ್ತದೆ. ಕೀಲಿಮಣೆ ಮಾತ್ರ ಕನ್ನಡ ಮೂಡಿಸದು. ಓದಬಹುದು, ತಿದ್ದುವಂತಿಲ್ಲ. ಮೂಲಪಾಠವನ್ನು ಕಾಯಬೇಕಾದ ಈ ಪ್ರಸಂಗದಲ್ಲಿ ಇದು ಒಂದು ಉಪಕಾರವೇ ಆಯಿತೆನ್ನಬೇಕು.

ಕೊನೆಗೆ ಕೆಲಸಕ್ಕೆ ಬಂದದ್ದು ಹವ್ಯಾಸಿಗಳು ಬರೆದು ಹಂಚಿರುವ ಒಂದು ಸಣ್ಣ ಡ್ರೈವರ್. ಬೇರೆ ಬೇರೆ ಕಾರ್ಡುಗಳು ಒಪ್ಪಿಕೊಂಡ ವೆಸಾ ಎಂಬ ಸಾಮಾನ್ಯ ನಿಯಮದ ಮೂಲಕ ಅದು ಅತಿಥಿಗೂ ಕೃತಕ ಕಾರ್ಡಿಗೂ ಮಾತು ಬೆಸೆಯುತ್ತದೆ. ಪರದೆ 1024×768ಕ್ಕೆ ಏರಿತು. ಇದಕ್ಕೆ ಬೇಕಾದ ಸ್ಮೃತಿ ಬರೀ 3 ಎಂಬಿ.

ಆದರೂ ಒಂದು ಪೂರ್ಣ ಪುಟವನ್ನು ಈ ಪರದೆಯಲ್ಲಿ ಕೂಡಿಸಿದರೆ ಅಕ್ಷರದ ಎತ್ತರ ಹದಿಮೂರು ಚುಕ್ಕೆ ದಾಟದು. ಓದಲು ಬರುತ್ತದೆ, ಆಣೆ ಮಾಡಿ ಹೇಳಲು ಬರುವುದಿಲ್ಲ. ಪೇಜ್‌ಮೇಕರಿನ ಒಳಗಿನಿಂದಲೇ ಆ ಒಂದು ಪದವನ್ನು ನಾಲ್ಕು ಪಟ್ಟು ಹಿಗ್ಗಿಸಿದಾಗ ಚಿತ್ರ ಬೇರೆಯಾಯಿತು. ಹೊರಗಿನ ಹಿಗ್ಗಿಗೂ ಈ ಹಿಗ್ಗಿಗೂ ಹೆಸರು ಒಂದೇ, ಗುಣ ಬೇರೆ: ಇಲ್ಲಿ ಫಾಂಟಿನ ರೇಖೆಗಳಿಂದ ಅಕ್ಷರ ಹೊಸದಾಗಿ ಮೂಡುತ್ತದೆ. ಗೀರು ಇರಲಿಲ್ಲ. ದನ.

ಪ್ರಕಟಣೆಯವರು ಇದರಿಂದ ಸಮಾಧಾನಗೊಳ್ಳಲಿಲ್ಲ. ಅವರ ವಾದದಲ್ಲಿ ಹುರುಳೂ ಇತ್ತು. ಉಚ್ಚಾರಕ್ಕೆ ಅನುಗುಣವಾದ ಕೀಲಿಮಣೆಯಲ್ಲಿ ದಕಾರ, ಧಕಾರ ಎರಡೂ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಒತ್ತಿದರೆ ಧ, ಮರೆತರೆ ದ. ಅದೇ ಅಧ್ಯಾಯದಲ್ಲಿ ಬೇರೆಲ್ಲ ಕಡೆ ‘ಧನ’ ಎಂದೇ ಇದೆ. ಬೆರಳು ತಪ್ಪಿರಬಾರದೇಕೆ? ಹಿರಿಯರು ಕೊಟ್ಟ ಉತ್ತರ ಇಷ್ಟೇ: “ಒಕ್ಕಲಿಗನ ಮನ್ಯಾಗ ಬ್ಯಾರೆ ಧನ ಎಲ್ಲಿರತೈತ್ರಿ?” ಬಾಳಿನ ಅನುಭವದ ಮಾತು ನಿಜ. ಆದರೆ ಪಾಠನಿರ್ಣಯಕ್ಕೆ ಅದು ಪ್ರಮಾಣವಾಗಲಾರದು.

ಪ್ರಮಾಣ ಸಿಕ್ಕಿದ್ದು ಅದೇ ಡಿಸ್ಕಿನಲ್ಲಿ. ಪ್ರತಿ ಕರಡು ತಿದ್ದುವ ಮುನ್ನ ಹಿಂದಿನದರ ನಕಲು ಇಟ್ಟುಕೊಳ್ಳುವುದು ಹಿರಿಯರ ಪದ್ಧತಿಯಾಗಿತ್ತು. ಮೊದಲ ಕರಡಿನ ಕಡತವೂ ಕೊನೆಯ ಕರಡಿನ ಕಡತವೂ ಬೇರೆ ಬೇರೆಯಾಗಿ ಉಳಿದಿದ್ದವು. ಮೊಮ್ಮಗಳು ಎರಡನ್ನೂ ಪ್ರಿಂಟರಿಗೆ ಕಳುಹಿಸುವ ಬದಲು ಪೋಸ್ಟ್‌ಸ್ಕ್ರಿಪ್ಟ್ ಕಡತಗಳಾಗಿ ಉಳಿಸಿ, ಅತಿಥಿಯ ಮನೆಯಿಂದ ಹೊರತಂದು, ಲ್ಯಾಪ್‌ಟಾಪಿನಲ್ಲಿ ಪಿಡಿಎಫ್ ಮಾಡಿದಳು. ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಚುಕ್ಕೆಗಳಿಲ್ಲ, ಅಕ್ಷರದ ರೇಖೆಗಳೇ ಇರುತ್ತವೆ. ಅದಕ್ಕೆ ಅತಿಥಿಯ ಪರದೆಯ ಹಂಗಿಲ್ಲ. 600 ಚುಕ್ಕೆಗಳ ಲೇಸರ್ ಮುದ್ರಣದಲ್ಲಿ ಅದೇ 12 ಪಾಯಿಂಟಿನ ಅಕ್ಷರಕ್ಕೆ 16ರ ಬದಲು 100 ಚುಕ್ಕೆಗಳ ಎತ್ತರ. ಎರಡು ಕರಡುಗಳನ್ನು ಕಾಗದದ ಮೇಲೆ ಅಕ್ಕಪಕ್ಕ ಇಟ್ಟಾಗ ಮೊದಲನೆಯದರಲ್ಲಿ ಹೊಟ್ಟೆ ಸೀಳಿತ್ತು, ಕೊನೆಯದರಲ್ಲಿ ಇರಲಿಲ್ಲ. ಮೊದಲು ‘ಧನ’ ಎಂದು ಜೋಡಿಸಿದ್ದನ್ನು ನಡುವೆ ಯಾರೋ ‘ದನ’ ಎಂದು ತಿದ್ದಿಸಿದ್ದರು. ಸರಿಯಾಗಿ ಜೋಡಿಸಿದ ಅಕ್ಷರ ತಾನಾಗಿ ಬದಲಾಗುವುದಿಲ್ಲ. ಕರಡು ತಿದ್ದುತ್ತಿದ್ದವರು ವ್ಯಾಖ್ಯಾನಕಾರರೊಬ್ಬರೇ.

ಈಗ ಆ ಪುಟದಲ್ಲಿ ‘ದನ’ ಎಂದೇ ಉಳಿಸಿ, ಮೊದಲ ಕರಡಿನ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದೆಂದು ತೀರ್ಮಾನವಾಗಿದೆ. ಉಳಿದ ಪುಟಗಳನ್ನೂ ಹಿರಿಯರು ಹಾಗೆಯೇ ಎರಡೆರಡು ಕರಡು ಎದುರಿಟ್ಟು ನೋಡುತ್ತಿದ್ದಾರೆ. ಪಠ್ಯವನ್ನು ಯುನಿಕೋಡಿಗೆ ಪರಿವರ್ತಿಸುವ ಕೆಲಸ ಬೇರೆ ನಡೆದಿದೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕವು ‘ಧರ್ಮ’, ‘ಕರ್ಮ’ಗಳನ್ನು ಸರಿಯಾಗಿ ದಾಟಿಸಿ, ಒತ್ತಕ್ಷರದ ಜೊತೆ ಅರ್ಕಾವತ್ತು ಸೇರಿದ ಕಡೆಗಳಲ್ಲಿ ಎಡವುತ್ತಿದೆ. ಅವನ್ನು ಮೊಮ್ಮಗಳು ಒಂದೊಂದಾಗಿ ಕೈಯಿಂದ ತಿದ್ದುತ್ತಿದ್ದಾಳೆ. ಅನುಮಾನ ಬಂದಲ್ಲಿ ಅಜ್ಜನ ಮುಂದೆ ಕಾಗದ ಹಿಡಿಯುತ್ತಾಳೆ.