ಸೂಳಗಿರಿಯ ಹೆದ್ದಾರಿಯೂ ಒಂದು ಹಳೆಯ ಪೆಟ್ಟಿಗೆಯೂ

ಹೊಸೂರು, ಕೃಷ್ಣಗಿರಿಗಳ ನಡುವೆ ಓಡಾಡುವ ನಮ್ಮ ಗಡಿನಾಡ ಬಂಧುಗಳಿಗೆ ಸೂಳಗಿರಿಯನ್ನು ಹೊಸದಾಗಿ ಪರಿಚಯಿಸಬೇಕಾದ ಅಗತ್ಯವಿಲ್ಲ. ಒಂದು ಕಡೆ ಕಲ್ಲುಬಂಡೆಗಳ ಬೆಟ್ಟ, ಇನ್ನೊಂದು ಕಡೆ ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿ. ನಡುವೆ ಕೊತ್ತಂಬರಿ, ಪುದೀನ, ಟೊಮೇಟೊಗಳ ಹೊಲಗಳು. 2004ರಲ್ಲಿ ಧರ್ಮಪುರಿಯಿಂದ ಬೇರ್ಪಟ್ಟ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಊರಿನಲ್ಲಿ ಸೊಪ್ಪಿನ ಬೆಲೆಯನ್ನು ತೆಲುಗಿನಲ್ಲಿ ಕೇಳಿ, ತಮಿಳಿನಲ್ಲಿ ಚೌಕಾಸಿ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಲೆಕ್ಕ ಹೇಳುವವರು ಇಂದಿಗೂ ಇದ್ದಾರೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ತಂಗಿಯ ಮಗ ಇಲ್ಲಿ ಒಂದು ಹಳೆಯ ಕಾರನ್ನು ಕೊಂಡನು. ಅದರ ಡಿಕ್ಕಿಯನ್ನು ಒಂದು ಭಾರಿ ಪೆಟ್ಟಿಗೆ ಆಕ್ರಮಿಸಿತ್ತು. ಹನ್ನೆರಡು ಅಂಗುಲದ ಎರಡು ಸಬ್‌ವೂಫರ್‌ಗಳು, ಪಕ್ಕದಲ್ಲಿ 600 ವಾಟಿನ ಆಂಪ್ಲಿಫೈಯರ್. ಸೊಪ್ಪಿನ ಕಟ್ಟುಗಳನ್ನು ಇಡಲು ಜಾಗವಿಲ್ಲ. ಹಾಡು ಹಾಕಿದರೆ ನಮ್ಮ ತಂಗಿಗೆ ಎದೆಯೇ ಅದುರಿದಂತಾಗುತ್ತಿತ್ತು. ಮಾರಿಬಿಡುವುದೆಂದು ತೀರ್ಮಾನವಾಯಿತು. ಊರಿನಲ್ಲೇ ಬಾಡಿಗೆ ವಾಹನ ಓಡಿಸುವ ತರುಣನೊಬ್ಬ ಒಂಬತ್ತು ಸಾವಿರ ರೂಪಾಯಿ ಕೊಡಲು ಮುಂದೆ ಬಂದನು. ನ್ಯಾಯವಾದ ಬೆಲೆ ತಿಳಿಯೋಣವೆಂದು ನಾವೂ ಅಳಿಯನೂ ಬೆಂಗಳೂರಿಗೆ ಹೊರಟೆವು.

ಹೊಸೂರು ದಾಟಿ, ಅತ್ತಿಬೆಲೆಯಲ್ಲಿ ಕರ್ನಾಟಕವನ್ನು ಪ್ರವೇಶಿಸಿ, ಪುರಭವನದ ಬಳಿ ಜಯಚಾಮರಾಜೇಂದ್ರ ರಸ್ತೆಯನ್ನು ಸೇರಿದೆವು. 1963ರಲ್ಲಿ ಆರಂಭವಾದ ರವೀಂದ್ರ ಕಲಾಕ್ಷೇತ್ರವೂ ಇದೇ ರಸ್ತೆಯಲ್ಲಿದೆ. ಶಿಕ್ಷಕ ತರಬೇತಿಯ ದಿನಗಳಲ್ಲಿ ನಾಟಕ ನೋಡಲೆಂದು ಬಂದಿದ್ದ ದಾರಿಯಲ್ಲಿ ಈಗ ವಾಹನದ ಬಿಡಿಭಾಗಗಳ ಅಂಗಡಿಗಳನ್ನು ಎಣಿಸುತ್ತಾ ನಡೆದೆವು.

ಅಂಗಡಿಯೊಂದರ ಹಿರಿಯ ಕೆಲಸಗಾರರು ಪರೀಕ್ಷಿಸಿದ ರೀತಿ ನಮ್ಮ ಪಾಠಶಾಲೆಯ ವಿಜ್ಞಾನದ ತರಗತಿಗೆ ತಕ್ಕುದಾಗಿತ್ತು. ಮೊದಲು ಮೀಟರಿನಿಂದ ಸುರುಳಿಯ ರೋಧವನ್ನು ಅಳೆದರು. ನಾಲ್ಕು ಓಮಿನದೆಂದು ಬರೆದಿರುವ ಸುರುಳಿ ಮೀಟರಿನಲ್ಲಿ ಸುಮಾರು ಮೂರೂವರೆ ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ ತಂತಿ ಕಡಿದಿದೆ ಎಂದರ್ಥ. ಬಳಿಕ ಅಂಚಿನ ಫೋಮ್ ಬಿರುಕು ಬಿಟ್ಟಿದೆಯೇ ಎಂದು ನೋಡಿದರು. ಕೊನೆಗೆ ಎರಡು ಕೈಗಳ ಬೆರಳುಗಳಿಂದ ಶಂಕುವನ್ನು ಸಮನಾಗಿ ಒಳಕ್ಕೆ ಒತ್ತಿ ಕಿವಿಗೊಟ್ಟರು. ಒಂದು ಮೌನವಾಗಿ ಮೇಲೆದ್ದಿತು. ಇನ್ನೊಂದು ‘ಸರ್’ ಎಂದು ಉಜ್ಜಿತು. ಅಧಿಕ ಕಾವಿನಿಂದ ಅದರ ಸುರುಳಿ ಕೆಟ್ಟು ಅಯಸ್ಕಾಂತಕ್ಕೆ ತಗಲುತ್ತಿತ್ತು. “ಇದು ಹೆಚ್ಚು ದಿನ ಬಾಳದು” ಎಂದು ಹೇಳಿ, ಚೆನ್ನಾಗಿದ್ದ ಒಂದಕ್ಕೂ ಆಂಪ್ಲಿಫೈಯರಿಗೂ ಸೇರಿಸಿ ಮೂರೂವರೆ ಸಾವಿರ ಕೊಡುವುದಾಗಿ ತಿಳಿಸಿದರು.

ಹಿಂದಿರುಗುವಾಗ ಅಳಿಯ ಹೇಳಿದನು: “ಮಾವಾ, ಊರಿನ ಹುಡುಗ ಒಂಬತ್ತಕ್ಕೆ ಒಪ್ಪಿದ್ದಾನೆ. ಅವನು ಕೇಳದೆ ನಾವಾಗಿ ಯಾಕೆ ಹೇಳಬೇಕು? ಜೂನಿನಲ್ಲಿ ಮಗಳ ಫೀಸು ಕಟ್ಟಬೇಕು.”

ನಾವು ಒಡನೆಯೇ ಉತ್ತರಿಸಲಿಲ್ಲ. ಅತ್ತಿಬೆಲೆಯಿಂದ ಹೊಸೂರಿನವರೆಗೂ ಸುಮ್ಮನೆ ಕುಳಿತಿದ್ದೆವು. ಮೂವತ್ತು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವರಿಗೆ ಆ ಮೌನ ಶೋಭಿಸುವಂಥದಲ್ಲ. ಆದರೂ ಮೊಮ್ಮಗಳ ಫೀಸು ಕಣ್ಣೆದುರಿಗೆ ಬಂದಿತ್ತೆಂಬುದನ್ನು ಓದುಗರಿಂದ ಮರೆಮಾಚಲಾರೆವು.

ಸಂಜೆ ಆ ತರುಣ ಬಂದನು. ನೋಡಿದರೆ ನಮ್ಮ ಹಳೆಯ ವಿದ್ಯಾರ್ಥಿ! “ಸಾರ್, ನೀವೇ ಇದ್ದೀರಲ್ಲ, ಪರೀಕ್ಷೆ ಮಾಡೋದೇನಿದೆ?” ಎಂದು ಹಣ ಎಣಿಸಲು ಆರಂಭಿಸಿದನು. ಆ ಮಾತನ್ನು ಕೇಳಿದ ಮೇಲೆ ಸುಮ್ಮನಿರುವುದು ನಮ್ಮಿಂದ ಸಾಧ್ಯವಾಗಲಿಲ್ಲ. ಅವನ ಬೆರಳುಗಳನ್ನೇ ಶಂಕುವಿನ ಮೇಲಿರಿಸಿ ಒತ್ತಿಸಿದೆವು. ಉಜ್ಜುವ ಸದ್ದು ಅವನಿಗೂ ಕೇಳಿಸಿತು. ಒಳ್ಳೆಯದನ್ನೂ ಆಂಪ್ಲಿಫೈಯರನ್ನೂ ಐದೂವರೆ ಸಾವಿರಕ್ಕೆ ತೆಗೆದುಕೊಂಡನು. ಅಳಿಯ ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ.

ತರುಣನಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಿದ್ದೆವು. ಮನೆಯ 230 ವೋಲ್ಟಿನಲ್ಲಿ 600 ವಾಟಿಗೆ ಮೂರು ಆಂಪಿಯರೂ ಬೇಡ; ಕಾರಿನ 12 ವೋಲ್ಟಿನಲ್ಲಿ ಅದೇ ಶಕ್ತಿಗೆ 50 ಆಂಪಿಯರ್ ಬೇಕು. ತೆಳು ತಂತಿ ಕಾದು ಬೆಂಕಿ ಹತ್ತಬಹುದು. ದಪ್ಪ ತಾಮ್ರದ ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸು ಅವಶ್ಯ. ಅವನು ಅದರಂತೆಯೇ ಮಾಡಿಸಿದನು.

ಆದರೆ ಹೇಳಬೇಕಾದ ಮುಖ್ಯ ವಿಷಯವನ್ನೇ ನಾವು ಮರೆತಿದ್ದೆವು. ಒಂದು ತಿಂಗಳ ಬಳಿಕ, ರಾತ್ರಿ ಹನ್ನೊಂದರ ಹೊತ್ತಿಗೆ, ಮನೆಯ ಕಿಟಕಿಯ ಗಾಜು ನಡುಗಿತು. ಹಾಡು ಕೇಳಿಸದು, ‘ಧಂ ಧಂ’ ಎಂಬ ಗುದ್ದು ಮಾತ್ರ. ನಾವೇ ಮಾರಿಸಿದ ಪೆಟ್ಟಿಗೆ! ಸೆಕೆಂಡಿಗೆ 4,000 ಕಂಪನಗಳ ಕೀಚು ಸ್ವರದ ಅಲೆ ಗೇಣಿಗಿಂತ ಚಿಕ್ಕದು, ಗೋಡೆ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. 40 ಕಂಪನಗಳ ಮಂದ್ರದ ಅಲೆಯ ಉದ್ದ ಎಂಟೂವರೆ ಮೀಟರು, ಗೋಡೆಗಳು ಅದಕ್ಕೆ ಅಷ್ಟಾಗಿ ಅಡ್ಡಿಯಾಗವು.

ಮರುದಿನ ಅವನನ್ನು ಕರೆಸಿದೆವು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿಯೆಂದು ತಿಳಿಸಿದೆವು. “ಒಳಗೆ ಕೂತವರಿಗೆ ಅಷ್ಟು ಅನ್ನಿಸಲ್ಲ ಸಾರ್” ಎಂದನು. ಅವನನ್ನು ನಮ್ಮ ಕೋಣೆಯಲ್ಲಿ ಕೂರಿಸಿ, ಅಳಿಯನಿಂದ ರಸ್ತೆಯಲ್ಲಿ ಕಾರಿನ ಹಾಡು ಹಾಕಿಸಿದೆವು. ಗಾಜಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಿದ್ದು, ಮಾತಿಲ್ಲದೆ ಹೊರಗೆ ಹೋಗಿ ತಾನೇ ಸದ್ದನ್ನು ತಗ್ಗಿಸಿದನು.

ಹಳೆಯ ವಸ್ತುವನ್ನು ಮಾರುವ ಬಂಧುಗಳು ಅದರ ದೋಷವನ್ನು ಮುಚ್ಚಿಡಬಾರದು; ಅಷ್ಟೇ ಅಲ್ಲ, ಅದರ ಬಲವನ್ನೂ ತಿಳಿಸಿ ಕೊಡಬೇಕು. ಉಜ್ಜುತ್ತಿದ್ದ ಆ ಇನ್ನೊಂದು ಸಬ್‌ವೂಫರ್ ಈಗ ನಮ್ಮ ಶಾಲೆಯ ಬೀರುವಿನಲ್ಲಿದೆ. ವಿದ್ಯುತ್ಕಾಂತದ ಪಾಠ ಬಂದಾಗ ಮಕ್ಕಳು ಅದರ ಸುರುಳಿಯನ್ನು ಮುಟ್ಟಿ ನೋಡುತ್ತಾರೆ.